ಪಾಪರ್ ಅರ್ಜಿ ಹಾಕಿದ ಮನೆಗೆ ಬರುವ ಫೋನುಗಳು

ನಮ್ಮ ಕಡೆ ಒಬ್ಬನ ಮರ್ಯಾದೆ ತೆಗೆಯಬೇಕಾದರೆ "ಅವ ಪಾಪರ್ ಆಗಿದ್ದಾನೆ" ಎಂದರೆ ಸಾಕು. ಮಲಯಾಳದವರ ಬಾಯಲ್ಲಿ ಅದು ಪಾಪ್ಪರ್, ಕನ್ನಡ ಶಾಲೆಯಲ್ಲಿ ಕಲಿತವರ ಬಾಯಲ್ಲಿ ದಿವಾಳಿ, ಕೋರ್ಟಿನ ವರಾಂಡದಲ್ಲಿ ಐ.ಪಿ. ನಿಜ ಹೇಳಬೇಕೆಂದರೆ ಪಾಪರ್ ದಾವೆ ಎಂದರೆ ಕೋರ್ಟ್ ಫೀಸು ಕಟ್ಟಲು ಗತಿಯಿಲ್ಲದವನು ಹಾಕುವ ದಾವೆ. ದಿವಾಳಿ ಅರ್ಜಿ ಬೇರೆಯೇ ವಿಷಯ. ಆದರೆ ಊರಿನ ಬಾಯಲ್ಲಿ ಎಲ್ಲವೂ ಒಂದೇ ಆಗಿದೆ. ಹಾಗಾಗಿ ನಾನೂ ಪಾಪರ್ ಎಂದೇ ಬರೆಯುತ್ತೇನೆ.

ಮಂಗಳೂರಿನ ಒಬ್ಬ ವಕೀಲರ ಕಚೇರಿಯಲ್ಲಿ 29 ವರ್ಷ ಗುಮಾಸ್ತನಾಗಿದ್ದವನು ನಾನು. ಮನೆ ಮಂಜೇಶ್ವರ ತಾಲೂಕಿನಲ್ಲಿ. ದಿನಾ ತಲಪಾಡಿ ದಾಟಿ ಹೋಗಿ ಬರುತ್ತಿದ್ದೆ. ವಕೀಲನಲ್ಲ, ಕಾನೂನು ಓದಿದವನೂ ಅಲ್ಲ. ಆದರೆ ಫೈಲು ಹೊತ್ತು ಹೊತ್ತು ಅದರೊಳಗೆ ಏನಿದೆ ಎಂಬುದು ಒಂದಷ್ಟು ತಲೆಗೆ ಹತ್ತಿದೆ. ಈಗ ಬರೆಯಲು ಕಾರಣ ನನ್ನ ತಂಗಿಯ ಗಂಡ. ಹೆಸರು ಬೇಡ. ಮಂಗಳೂರಿನಲ್ಲಿ ಅವನಿಗೊಂದು ರೆಡಿಮೇಡ್ ಬಟ್ಟೆ ಅಂಗಡಿ ಇತ್ತು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿಗೆ ಅಡ್ಡ ಹಾಕಿದಾಗ ಅಂಗಡಿ ಆಚೆ, ಮನೆ ಈಚೆ ಆಯಿತು. ಪೆರ್ನಾಳಿಗೆಂದು ತರಿಸಿದ್ದ ಮಾಲು ಕಟ್ಟು ಬಿಚ್ಚದೆ ಉಳಿಯಿತು. ಅಲ್ಲಿಂದ ಶುರುವಾದ ಸಾಲ ನಾಲ್ಕು ವರ್ಷದಲ್ಲಿ 31 ಲಕ್ಷಕ್ಕೆ ಬಂತು. ಬ್ಯಾಂಕಿನದ್ದು, ಫೈನಾನ್ಸಿನದ್ದು, ಚಿನ್ನ ಅಡವಿನದ್ದು, ಬ್ಲೇಡಿನವನದ್ದು, ತಂಗಿಯ ಹೆಸರಲ್ಲಿ ಸಂಘದ ಮೈಕ್ರೋಫೈನಾನ್ಸ್, ಮೇಲಿಂದ ಕುಟುಂಬದವರ ಕೈಗಡ. ಕೊನೆಗೆ ಅವನು ಮಂಗಳೂರಿನಲ್ಲಿ ದಿವಾಳಿ ಅರ್ಜಿ ಹಾಕಿದ.

ಅರ್ಜಿ ಹಾಕಿದ ಮೇಲೆ ಫೋನು ನಿಲ್ಲುತ್ತದೆ ಎಂದು ತಂಗಿ ತಿಳಿದಿದ್ದಳು. ಫೋನು ಇಮ್ಮಡಿಯಾಯಿತು.

ಗಲ್ಫಿನಲ್ಲಿರುವ ಅವಳ ಮಗ ಒಂದು ವೀಡಿಯೋ ಕಳಿಸಿದ್ದ. ಅರ್ಜಿ ಹಾಕಿದ ಕ್ಷಣದಿಂದ ಒಬ್ಬ ಸಾಲಗಾರನೂ ಫೋನು ಮಾಡುವಂತಿಲ್ಲ, ಮಾಡಿದರೆ ಅವನಿಗೇ ದಂಡ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಅದು ಅಮೆರಿಕದ ಕಾನೂನು, ಅಲ್ಲಿ ಹಾಗೆಯೇ ಇದೆ. ಇಲ್ಲಿ ಹಾಗಿಲ್ಲ. ನಮ್ಮಲ್ಲಿ 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು, ದೊಡ್ಡ ದೊಡ್ಡ ಕಂಪೆನಿಗಳು ಅದರಲ್ಲಿ ಹೋಗಿ ಬಂದವು. ಸಾಮಾನ್ಯ ಮನುಷ್ಯರಿಗೆಂದು ಬರೆದ ಭಾಗವೂ ಅದರಲ್ಲಿದೆ. ವರ್ಷದ ಆದಾಯ 60,000 ದಾಟದ, ಸಾಲ 35,000 ದಾಟದ ಬಡವನಿಗೆ ಹೊಸದಾಗಿ ಬದುಕು ಶುರು ಮಾಡಲು ಒಂದು ದಾರಿಯನ್ನೂ ಬರೆದಿಟ್ಟಿದ್ದಾರೆ. ಆದರೆ ಆ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪೆನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಬಟ್ಟೆ ಅಂಗಡಿಯವನಿಗೆ, ಮೀನು ಲಾರಿಯವನಿಗೆ ಇಂದಿಗೂ ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಗತಿ. ಆ ಕಾಯಿದೆಯ ಪ್ರಾಯ ತಿಳಿಯಬೇಕಾದರೆ ಎರಡು ಅಂಕಿ ನೋಡಿ: 500 ರೂಪಾಯಿ ಸಾಲ ಇದ್ದರೆ ಅರ್ಜಿ ಹಾಕಬಹುದು. ದಿವಾಳಿ ಎಂದು ತೀರ್ಮಾನವಾದವನು ಆ ವಿಷಯ ಹೇಳದೆ 50 ರೂಪಾಯಿ ಸಾಲ ತಂದರೆ ಅಪರಾಧ. ಈಗಿನ ಕಾಲದಲ್ಲಿ ಅರ್ಧ ಕಿಲೋ ಬಂಗುಡೆ ಕೂಡ ಕಡಕ್ಕೆ ತರುವಂತಿಲ್ಲ ಎಂದಾಯಿತು!

ಇದರಲ್ಲಿ ಎರಡು ಹಂತವಿದೆ. ಜನ ತಪ್ಪು ತಿಳಿಯುವುದು ಇಲ್ಲಿಯೇ. ಅರ್ಜಿ ಹಾಕುವುದು ಒಂದು, ಕೋರ್ಟು ಇವನನ್ನು ದಿವಾಳಿ ಎಂದು ಆದೇಶ ಮಾಡುವುದು ಇನ್ನೊಂದು. ಆದೇಶವಾದ ಮೇಲೆ ಇವನ ಆಸ್ತಿಯೆಲ್ಲ ಕೋರ್ಟಿನ ಅಥವಾ ರಿಸೀವರನ ಕೈಗೆ ಹೋಗುತ್ತದೆ. ಆಮೇಲೆ ಸಾಲ ಕೊಟ್ಟವನು ಅಲ್ಲಿಯೇ ಹೋಗಿ ತನ್ನ ಬಾಕಿ ಇಷ್ಟು ಎಂದು ರುಜುವಾತು ಮಾಡಬೇಕು. ಕೋರ್ಟಿನ ಅಪ್ಪಣೆಯಿಲ್ಲದೆ ಬೇರೆ ದಾವೆ ಹಾಕುವಂತಿಲ್ಲ, ಆಸ್ತಿಯ ಮೇಲೆ ಕೈ ಹಾಕುವಂತಿಲ್ಲ. ಬಂಧನದಿಂದ ರಕ್ಷಣೆ ಬೇಕೆಂದು ಬೇರೆಯಾಗಿ ಕೇಳಿಕೊಳ್ಳಬಹುದು. ಆದರೆ ಅರ್ಜಿಗೂ ಆದೇಶಕ್ಕೂ ನಡುವೆ ತಿಂಗಳುಗಳು ಹೋಗುತ್ತವೆ, ಕೆಲವೊಮ್ಮೆ ವರ್ಷಗಳು. ವಸೂಲಿಯವನಿಗೆ ಇದು ಚೆನ್ನಾಗಿ ಗೊತ್ತು. ಆಸ್ತಿ ರಿಸೀವರನ ಕೈಗೆ ಹೋದರೆ ಬ್ಯಾಂಕೂ ಫೈನಾನ್ಸೂ ಸಾಲಿನಲ್ಲಿ ನಿಂತು ಪಾಲು ತೆಗೆದುಕೊಳ್ಳಬೇಕು. ಅದಕ್ಕಿಂತ ಮೊದಲೇ ಹೆದರಿಸಿ ಎಷ್ಟು ಬರುತ್ತದೋ ಅಷ್ಟು ಬರಲಿ ಎಂಬ ಲೆಕ್ಕ. ಫೋನು ಇಮ್ಮಡಿಯಾಗುವ ಗುಟ್ಟು ಇದು. ಹೆದರಿ ಒಬ್ಬನಿಗೆ ಮಾತ್ರ ಕೊಟ್ಟರೆ ಅದೇ ಮುಂದೆ ತೊಂದರೆ. ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಉಳಿದವರನ್ನು ಬಿಟ್ಟು ಒಬ್ಬನಿಗೆ ಒಲಿದು ಕೊಟ್ಟದ್ದನ್ನು ಕೋರ್ಟು ರದ್ದು ಮಾಡಬಹುದು.

ಅರ್ಜಿಯಿಂದ ನಿಲ್ಲದ ಸಂಗತಿಗಳನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ನನಗೆ ಬೈಯುತ್ತೀರಿ. ಅಡವಿಟ್ಟ ಚಿನ್ನ ಅಡವು ಪಡೆದವನ ಕೈಯಲ್ಲಿದೆ, ಅವನು ಅದನ್ನು ಏಲಂ ಹಾಕಬಹುದು. ಮನೆ ಅಡವಿದ್ದರೆ ಹಾಗೆಯೇ. ಜಾಮೀನು ನಿಂತವನ ತಲೆಯ ಮೇಲಿನ ಭಾರ ಇಳಿಯುವುದಿಲ್ಲ. ಚೆಕ್ ಬೌನ್ಸ್ ಕೇಸು ಕ್ರಿಮಿನಲ್, ಅದು ತನ್ನಷ್ಟಕ್ಕೆ ನಡೆಯುತ್ತದೆ. ಬ್ಲೇಡಿನವನು ಮೊದಲ ದಿನವೇ ಖಾಲಿ ಚೆಕ್ ಸಹಿ ಹಾಕಿಸಿ ಇಟ್ಟುಕೊಳ್ಳುವುದು ಇದಕ್ಕೇ. ನನ್ನ ಭಾವನ ನಾಲ್ಕು ಚೆಕ್ ಅವನ ಕೈಯಲ್ಲಿವೆ.

ಈಗ ಫೋನುಗಳ ವಿಷಯ. ಫೋನಿಗೆ ದಿವಾಳಿ ಆದೇಶ ಬೇಕೇಬೇಕೆಂದಿಲ್ಲ. ಅರ್ಜಿ ಹಾಕಿರಲಿ ಬಿಡಲಿ, ಬ್ಯಾಂಕು, ಸಹಕಾರಿ ಬ್ಯಾಂಕು, ಫೈನಾನ್ಸ್ ಕಂಪೆನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವಿದೆ. 2022ರ ಆಗಸ್ಟ್ 12ರ ಸುತ್ತೋಲೆ ಪ್ರಕಾರ ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಅವಮಾನ ಮಾಡುವಂತಿಲ್ಲ. ಮನೆಯವರ, ಗೆಳೆಯರ, ರೆಫರೆನ್ಸ್ ಕೊಟ್ಟವರ ಬದುಕಿನಲ್ಲಿ ನುಗ್ಗುವಂತಿಲ್ಲ. ಮೈಕ್ರೋಫೈನಾನ್ಸಿನವರಿಗೆ ಸಮಯ ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6. ಅವರು ಕಂತು ಪಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಎರಡು ಸಲ ಸತತ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು.

ನನ್ನ ತಂಗಿಗೆ ಫೋನು ಬರುತ್ತಿದ್ದದ್ದು ರಾತ್ರಿ ಒಂಬತ್ತೂವರೆಗೆ, ಇಶಾ ಮುಗಿದು ಮಕ್ಕಳಿಗೆ ಊಟ ಬಡಿಸುವ ಹೊತ್ತಿಗೆ. ಅವನು ಮಾತಾಡುತ್ತಿದ್ದದ್ದು ಬ್ಯಾರಿಯಲ್ಲಿ. "ಮೋಳೇ" ಎಂದು ಶುರು ಮಾಡಿ ಹೇಳಬಾರದ್ದು ಹೇಳಿ ಇಡುತ್ತಿದ್ದ. ಈ ಮಾತು ಬರೆಯಲು ನನಗೆ ಸಂಕಟವಿದೆ. ಹಾಗೆ ಫೋನು ಮಾಡುವವರಲ್ಲಿ ನಮ್ಮವೇ ಹುಡುಗರಿದ್ದಾರೆ. ಪಿಯುಸಿ ಮುಗಿಸಿ, ಗಲ್ಫಿಗೆ ವೀಸಾ ಆಗದೆ, ಕಮಿಷನಿಗೆ ಈ ಕೆಲಸ ಹಿಡಿದವರು. ಭಾಷೆ ಗೊತ್ತಿದೆ, ಮನೆಯ ಒಳಹೊರಗು ಗೊತ್ತಿದೆ, ಯಾವ ಮಾತಿಗೆ ನಮ್ಮ ಹೆಂಗಸರು ಅಳುತ್ತಾರೆ ಎಂಬುದೂ ಗೊತ್ತಿದೆ. ಕಂಪೆನಿ ಅವರನ್ನು ಆರಿಸುವುದೇ ಆ ಕಾರಣಕ್ಕೆ ಎಂದು ನನ್ನ ಅನುಮಾನ.

ತಂಗಿಗೆ ನಾನು ಹೇಳಿಕೊಟ್ಟದ್ದು ಇಷ್ಟೇ. ಫೋನು ಎತ್ತು, ಹೆಸರು ಕೇಳು, ಯಾವ ಕಂಪೆನಿ ಎಂದು ಕೇಳು, ರೆಕಾರ್ಡ್ ಆಗುತ್ತಿದೆ ಎಂದು ಹೇಳು. ಆಮೇಲೆ ಕೋರ್ಟಿನ ಹೆಸರು, ಅರ್ಜಿಯ ನಂಬರು, ವಕೀಲರ ಹೆಸರು ಓದಿ ಹೇಳು, ಬರಹದಲ್ಲಿ ಅಲ್ಲಿಗೆ ಕಳಿಸಿ ಎನ್ನು, ಇಡು. "ನೋಡುವ, ಮುಂದಿನ ತಿಂಗಳು ಕೊಡುವ" ಎಂದು ಮಾತ್ರ ಹೇಳಬೇಡ. ಕೊಡಲು ಇಲ್ಲದವನು ತಾರೀಕು ಕೊಟ್ಟರೆ ಆ ತಾರೀಕಿಗೆ ಮತ್ತೊಮ್ಮೆ ಬೈಗುಳ ತಿನ್ನಬೇಕಾಗುತ್ತದೆ. ಮನೆಗೆ ಬಂದರೆ ಗುರುತಿನ ಚೀಟಿ ಮತ್ತು ಕಂಪೆನಿಯ ಅಧಿಕಾರ ಪತ್ರ ಕೇಳು. ಫ್ರಿಜ್ ಎತ್ತಿಕೊಂಡು ಹೋಗುತ್ತೇವೆ ಎಂದರೆ ನಗು. ಮನೆಯ ಸಾಮಾನಿಗೆ ಕೈ ಹಾಕಬೇಕಾದರೆ ಕೋರ್ಟಿನ ಅಮೀನ ಆದೇಶ ಹಿಡಿದು ಬರಬೇಕು. ಅವನೂ ಕೂಡ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಮುಟ್ಟುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ.

"ಜೈಲಿಗೆ ಹಾಕಿಸುತ್ತೇವೆ" ಎಂಬುದು ಅವರ ದೊಡ್ಡ ಮಾತು. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತೆಯೇ ಇಲ್ಲ. ಗಂಡಸಿನ ವಿಷಯದಲ್ಲಿ 1980ರಲ್ಲಿ ಕೊಚ್ಚಿನ್ ಬ್ಯಾಂಕಿನ ಒಂದು ಪ್ರಕರಣದಲ್ಲಿ ಜಸ್ಟಿಸ್ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಇದೆ. ಕೊಡಲು ಇದ್ದೂ ಕೊಡದವನು ಬೇರೆ, ಕೊಡಲು ಇಲ್ಲದವನು ಬೇರೆ, ಬರೀ ಬಡತನಕ್ಕೆ ಜೈಲಿಲ್ಲ ಎಂಬುದು ಅದರ ತಿರುಳು. ನಮ್ಮ ವಕೀಲರು ಆ ತೀರ್ಪಿನ ಜೆರಾಕ್ಸ್ ಒಂದನ್ನು ಮೇಜಿನ ಗಾಜಿನಡಿ ಇಟ್ಟಿದ್ದರು.

ದೂರು ಕೊಡಬೇಕಾದರೆ ಮೊದಲು ಆ ಬ್ಯಾಂಕಿಗೆ ಅಥವಾ ಕಂಪೆನಿಗೆ ಬರೆದು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 14448 ನಂಬರಿಗೆ ಫೋನು ಮಾಡಿದರೆ ದಾರಿ ಹೇಳುತ್ತಾರೆ, ಫೀಸು ಇಲ್ಲ. ಬೆದರಿಕೆ ಬಂದರೆ ಇದಕ್ಕೆಲ್ಲ ಕಾಯಬೇಕಾಗಿಲ್ಲ, ನೇರ ಠಾಣೆಗೆ ಹೋಗಿ. ಬ್ಲೇಡಿನವರು ರಿಸರ್ವ್ ಬ್ಯಾಂಕಿನ ಲೆಕ್ಕಕ್ಕೇ ಬರುವುದಿಲ್ಲ, ಅವರಿಗೆ ಪೊಲೀಸರೇ ಮದ್ದು. ಕೇರಳದಲ್ಲಿ 2014ರಲ್ಲಿ ಆಪರೇಷನ್ ಕುಬೇರ ಎಂದು ಒಂದು ಸುತ್ತು ದಾಳಿ ನಡೆಯಿತು, ನೆನಪಿರಬಹುದು. ವಿಪರೀತ ಬಡ್ಡಿ ತಡೆಯಲು 2012ರ ಕಾಯಿದೆಯೂ ಅಲ್ಲಿದೆ. ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಕಿರುಸಾಲ ಕೊಟ್ಟು ಪೀಡಿಸುವವರ ಮೇಲೆ ಸುಗ್ರೀವಾಜ್ಞೆ ಬಂತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಾಗದದ ಮೇಲೆ ಎಲ್ಲವೂ ಇದೆ. ಠಾಣೆಯ ಮೆಟ್ಟಿಲು ಹತ್ತಲು ನಮ್ಮವರಿಗೆ ಕಾಲು ಬರುವುದಿಲ್ಲ.

ಗಲ್ಫಿನ ಸಾಲಕ್ಕೂ ಎರಡು ಮಾತು. ದುಬೈಯಲ್ಲಿ ಸಾಲ ಬಿಟ್ಟು ಬಂದರೆ ಊರಿನಲ್ಲಿ ಯಾರೂ ಏನೂ ಮಾಡುವಂತಿಲ್ಲ ಎಂಬ ಕಾಲ ಮುಗಿದಿದೆ. 2020ರ ಜನವರಿಯಿಂದ ಯುಎಇಯ ಸಿವಿಲ್ ಕೋರ್ಟಿನ ಹಣದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ಜಾರಿ ಮಾಡಿಸಬಹುದು. ಆದರೆ ಅದಕ್ಕೆ ಅಲ್ಲಿ ಡಿಕ್ರಿಯಾಗಿರಬೇಕು, ಇಲ್ಲಿ ಅರ್ಜಿ ಹಾಕಬೇಕು. ವಾಟ್ಸಾಪಿನಲ್ಲಿ ಮೊಹರು ಹಾಕಿದ ಕಾಗದ ಕಳಿಸಿ, ಉಮ್ಮನಿಗೆ ಫೋನು ಮಾಡಿ ನಾಳೆಯೇ ಮನೆ ಜಪ್ತಿ ಎನ್ನುವವನು ಕೋರ್ಟಿನವನಲ್ಲ.

ಇಷ್ಟೆಲ್ಲ ಬರೆದೆ. ನಿಜವಾಗಿ ನನ್ನ ಹೊಟ್ಟೆಯಲ್ಲಿ ಉರಿಯುತ್ತಿರುವುದು ಇದ್ಯಾವುದೂ ಅಲ್ಲ. ವಸೂಲಿಯವನು ಮುಂದಿನ ಫೋನು ಮಾಡಿದ್ದು ನಮ್ಮ ಖತೀಬರಿಗೆ.

ತಂಗಿಯ ಮಗಳ ನಿಕಾಹ್ ಮಾತುಕತೆಯಾಗಿತ್ತು. ಗಂಡಿನ ಮನೆಯವರದ್ದು ಪಕ್ಕದ ಜಮಾಅತ್. ಫೈನಾನ್ಸಿನ ಹುಡುಗ ಅದನ್ನೂ ತಿಳಿದುಕೊಂಡಿದ್ದ. ಅಲ್ಲಿನ ಕಮಿಟಿಯ ಒಬ್ಬರಿಗೆ ಫೋನು ಮಾಡಿ, "ನಿಮ್ಮವರು ಪಾಪರಿನ ಮನೆಯಿಂದ ಹೆಣ್ಣು ತರುತ್ತಿದ್ದಾರೆ, ಸಾಲ ತೀರಿಸದೆ ಮದುವೆ ಮಾಡುತ್ತಾರೆ" ಎಂದಿದ್ದಾನೆ. ಇಲ್ಲಿ ನಮ್ಮ ಖತೀಬರಿಗೆ ಫೋನು ಮಾಡಿ, ಜುಮುಅದ ಭಾಷಣದಲ್ಲಿ ಸಾಲದ ವಿಷಯ ಎರಡು ಮಾತು ಹೇಳಬೇಕು ಎಂದು ಕೇಳಿದ್ದಾನೆ. ಉಸ್ತಾದರು ನನ್ನನ್ನು ಕರೆಸಿ, "ಎಂತ ಮಾಡುವುದು ಇದಕ್ಕೆ?" ಎಂದು ಕೇಳಿದರು. ಅವರಿಗೆ ಹೊಳೆಯದೆ ಕೇಳಿದ್ದಲ್ಲ, ಬೇಸರಕ್ಕೆ ಕೇಳಿದ್ದು. ಆದರೆ ಕಮಿಟಿಯಲ್ಲಿ ಇಬ್ಬರು, "ಹೌದಲ್ಲ, ಹೇಳಿದರೆ ತಪ್ಪೇನು, ಕಡ ತೀರಿಸಬೇಕಾದ್ದೇ ಅಲ್ಲವಾ" ಎಂದರು. ನಿಕಾಹ್ ಮಾತು ಈಗ ನಿಂತಿದೆ. ಮುರಿದಿದೆ ಎಂದು ಯಾರೂ ಹೇಳಿಲ್ಲ, ಮುಂದೆ ಹೋಗುವ ಎಂದೂ ಹೇಳಿಲ್ಲ.

ಆ ಇಬ್ಬರಿಗೆ ಮತ್ತು ಅವರಂತೆ ಯೋಚಿಸುವ ಎಲ್ಲರಿಗೆ ನನ್ನದೊಂದು ತಕರಾರು.

ಸಾಲದ ಭಾರ ಎಷ್ಟು ದೊಡ್ಡದು ಎಂದು ನಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮಯ್ಯಿತ್ ನಮಾಝಿಗೆ ಸಾಲು ನಿಂತಾಗ ಮಗನೋ ತಮ್ಮನೋ ಮುಂದೆ ಬಂದು, ಮರಣ ಹೊಂದಿದವರಿಂದ ಯಾರಿಗಾದರೂ ಬರಬೇಕಾದ್ದು ಇದ್ದರೆ ನನ್ನಲ್ಲಿ ಹೇಳಿ ಎನ್ನುವುದನ್ನು ಚಿಕ್ಕಂದಿನಿಂದ ಕೇಳಿದವರು ನಾವು. ಸಾಲವಿದ್ದು ಮರಣ ಹೊಂದಿದವರ ನಮಾಝಿಗೆ ನೆಬಿಯವರು ತಾವೇ ನಿಲ್ಲದೆ ಹಿಂದೆ ಸರಿದ ಹದೀಸು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ವಸೂಲಿಯವನಿಗೂ ಗೊತ್ತು, ಅವನೂ ಅದೇ ಮದ್ರಸದಲ್ಲಿ ಕಲಿತವನಲ್ಲವೇ! ಆದರೆ ಅದೇ ಹದೀಸಿನ ಉಳಿದರ್ಧವನ್ನು ಅವನೂ ಹೇಳುವುದಿಲ್ಲ, ಕಮಿಟಿಯ ಆ ಇಬ್ಬರೂ ಹೇಳಲಿಲ್ಲ. ಆ ದಿನ ಒಬ್ಬ ಸಹಾಬಿ ಎದ್ದು, ಆ ಸಾಲ ನನ್ನ ಮೇಲಿರಲಿ ಎಂದರು, ನಮಾಝ್ ನಡೆಯಿತು. ಮುಂದೆ ಕೈಯಲ್ಲಿ ಸಂಪತ್ತು ಬಂದ ಮೇಲೆ ನೆಬಿಯವರು ಅಂಥವರ ಸಾಲವನ್ನು ತಾವೇ ವಹಿಸಿಕೊಂಡರು. ಅಂದರೆ ನಾಲ್ಕು ಜನರ ಮುಂದೆ ಸಾಲದ ಮಾತೆತ್ತಿದ್ದು ಸಾಲಗಾರನ ಮುಖಕ್ಕೆ ಮಸಿ ಬಳಿಯಲಿಕ್ಕಲ್ಲ. ಹೊರುವವರು ಯಾರಿದ್ದೀರಿ ಎಂದು ಕೇಳಲಿಕ್ಕೆ.

ಇನ್ನೊಂದು ಹದೀಸು ಸಹೀಹ್ ಮುಸ್ಲಿಮಿನಲ್ಲಿದೆ. ಹಣ್ಣಿನ ವ್ಯಾಪಾರದಲ್ಲಿ ನಷ್ಟವಾಗಿ ಒಬ್ಬನ ಸಾಲ ತಲೆಮೇಲೆ ಬಂತು. ಅವನಿಗೆ ಸದಖ ಕೊಡಿ ಎಂದು ಜನರಿಗೆ ಹೇಳಿದರು. ಜನ ಕೊಟ್ಟರು, ಸಾಲದಷ್ಟು ಆಗಲಿಲ್ಲ. ಆಗ ಸಾಲ ಕೊಟ್ಟವರನ್ನು ಕರೆದು, ಇರುವಷ್ಟನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂಬ ತೀರ್ಪು ಆಯಿತು. 29 ವರ್ಷ ದಿವಾಳಿ ಫೈಲು ಹೊತ್ತವನಿಗೆ ಇದನ್ನು ಮೊದಲ ಸಲ ಕೇಳಿದಾಗ ರೋಮ ಎದ್ದಿತ್ತು. 1920ರ ಕಾಯಿದೆ ಪುಟಗಟ್ಟಲೆ ಹೇಳುವುದು ಇದನ್ನೇ.

ನಮ್ಮ ದರ್ಸುಗಳಲ್ಲಿ ಓದುವ ಶಾಫಿಈ ಕಿತಾಬುಗಳಲ್ಲಿ ಮುಫ್ಲಿಸಿನ ವಿಷಯವೇ ಇದೆ. ಆಸ್ತಿಗಿಂತ ಸಾಲ ಹೆಚ್ಚಾದವನ ಆಸ್ತಿಯನ್ನು ಖಾಝಿ ತನ್ನ ಹಿಡಿತಕ್ಕೆ ತೆಗೆದುಕೊಂಡು ಮಾರಿ, ಸಾಲ ಕೊಟ್ಟವರಿಗೆ ಅವರವರ ಪಾಲಿನಂತೆ ಹಂಚುತ್ತಾನೆ. ಅವನಲ್ಲಿ ಇಲ್ಲ ಎಂದು ಖಚಿತವಾದ ಮೇಲೆ ಅವನನ್ನು ಬಂಧಿಸಿಡುವಂತಿಲ್ಲ, ಬೆನ್ನು ಬಿಡದೆ ಹಿಂದೆ ಹಿಂದೆ ಹೋಗುವಂತಿಲ್ಲ, ಅವನ ಕೈಗೆ ಬರುವವರೆಗೆ ಸಮಯ ಕೊಡಬೇಕು. ಬೆನ್ನು ಬಿಡದೆ ಹಿಂದೆ ಹೋಗುವುದು ಎಂಬುದಕ್ಕೆ ಅಲ್ಲಿ ಬೇರೆಯೇ ಪದವಿದೆ ಎಂದು ಉಸ್ತಾದರು ತೋರಿಸಿದರು. ಆ ಕಾಲದಲ್ಲಿ ಫೋನು ಇರಲಿಲ್ಲ, ಮನುಷ್ಯನೇ ಹೋಗಿ ಬಾಗಿಲಲ್ಲಿ ಕೂರುತ್ತಿದ್ದ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಸಮಯ ಕೊಡಬೇಕೆಂಬುದು ಅಲ್‌ಬಕರದ 280ನೇ ಆಯತ್ತಿನ ವಿಷಯ, ನಮಗೆಲ್ಲ ಗೊತ್ತಿದ್ದದ್ದೇ.

ಹಾಗಿರುವಾಗ ಬಡ್ಡಿ ಕಂಪೆನಿಯ ಬಾಕಿಗಾಗಿ ಮಿಂಬರಿನಿಂದ ಮಾತು ಹೇಳಿಸುವುದು ಯಾವ ಲೆಕ್ಕ? ಸಾಲವನ್ನು ತೀರಿಸಬೇಕೆಂದು ಹೇಳಲಿ, ಎಲ್ಲರಿಗೂ ಸೇರಿಸಿ ಹೇಳಲಿ. ಊರಿನಲ್ಲಿ ಒಬ್ಬನೇ ಪಾಪರ್ ಇರುವಾಗ, ಅವನು ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವಾಗ, ಆ ಶುಕ್ರವಾರವೇ ಅದನ್ನು ಹೇಳಿದರೆ ಅದು ವಸೂಲಿ. ಕೋರ್ಟಿನಲ್ಲಿ ಅರ್ಜಿ ಇದೆ, ಅಲ್ಲಿಗೆ ಹೋಗಿ ಎಂದು ಹೇಳಿ ಫೋನು ಇಡಲು ಕಮಿಟಿಗೆ ಬರಬೇಕು. ಜಮಾಅತಿನ ರಿಜಿಸ್ಟರಿನಲ್ಲಿರುವ ನಂಬರು, ಮನೆಯ ಮಾಹಿತಿ, ನಿಕಾಹಿನ ಮಾಹಿತಿ ಯಾರು ಕೇಳಿದರೂ ಕೊಡಬಾರದು. ಇದನ್ನು ಕಮಿಟಿ ಬರೆದಿಡಬೇಕು ಎಂದು ನಾನು ಕೇಳಿದ್ದೇನೆ.

ಝಕಾತಿನ ವಿಷಯವನ್ನೂ ಎತ್ತಿದೆ. ಝಕಾತ್ ಯಾರಿಗೆ ಸಲ್ಲಬೇಕೆಂದು ಅತ್ತೌಬದ 60ನೇ ಆಯತ್ತಿನಲ್ಲಿ ಎಂಟು ಪಂಗಡ ಹೇಳಿದೆ. ಸಾಲದಲ್ಲಿ ಸಿಕ್ಕಿಬಿದ್ದವರು ಅವರಲ್ಲೊಂದು. ನಮ್ಮಲ್ಲಿ ರಮಳಾನಿನಲ್ಲಿ ಝಕಾತ್ ಹೋಗುವುದು ಬಾಗಿಲಿಗೆ ಬಂದು ಕೈಯೊಡ್ಡಿದವರಿಗೆ. ನಿನ್ನೆಯವರೆಗೆ ತಾನೇ ಝಕಾತ್ ಕೊಡುತ್ತಿದ್ದ ಅಂಗಡಿಯವ ಕೈಯೊಡ್ಡಲಾರ. ಅವನ ಮನೆಗೆ ಕಾರು ಬಂದದ್ದು ನೋಡಿದ್ದೇವೆ, ಮಗಳಿಗೆ ಚಿನ್ನ ಹಾಕಿದ್ದು ನೋಡಿದ್ದೇವೆ, ಅವನಿಗೆಂಥ ಝಕಾತ್ ಎನ್ನುತ್ತೇವೆ. ಅವನ ಕಾರು ಹೋಗಿ ಎರಡು ವರ್ಷವಾಗಿದೆ, ಚಿನ್ನ ಅಡವಿನ ಕಂಪೆನಿಯ ಲಾಕರಿನಲ್ಲಿದೆ. ಯಾರಿಗೆ ಕೊಡಬೇಕು, ಬಡ್ಡಿಯ ಪಾಲಿಗೆ ಹೋಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದು ಉಲಮಾಗಳು ಹೇಳಬೇಕಾದ್ದು. ಪಟ್ಟಿಯಲ್ಲಿ ಅವನ ಹೆಸರಾದರೂ ಇರಲಿ ಎಂಬುದು ನನ್ನ ಮಾತು.

ಪಾಪರ್ ಹಾಕಿದವರೆಲ್ಲ ಮುಗ್ಧರು ಎಂದು ನಾನು ಹೇಳುವುದಿಲ್ಲ. ಮನೆಯನ್ನು ಹೆಂಡತಿಯ ಹೆಸರಿಗೆ, ಅಂಗಡಿಯನ್ನು ಭಾವಮೈದನ ಹೆಸರಿಗೆ ಬರೆದು, ಬರಿಗೈಯಲ್ಲಿ ಕೋರ್ಟಿಗೆ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಕಾಯಿದೆ ಅವರಿಗೂ ಕಾದು ಕೂತಿದೆ. ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಹಾಗೆ ಸುಮ್ಮನೆ ಬರೆದುಕೊಟ್ಟದ್ದನ್ನು ರಿಸೀವರ್ ರದ್ದು ಮಾಡಿಸಬಹುದು. ಆಸ್ತಿ ಅಡಗಿಸಿದರೆ ಒಂದು ವರ್ಷದವರೆಗೆ ಜೈಲೂ ಇದೆ. ಕೊಡಲು ಇದ್ದೂ ಸತಾಯಿಸುವುದು ಅನ್ಯಾಯ ಎಂದು ಹದೀಸಿನಲ್ಲೂ ಬಂದಿದೆ. ಅಂಥವನನ್ನು ಹಿಡಿಯಬೇಕಾದ ಜಾಗ ಕೋರ್ಟು. ಅವನ ಮಗಳ ನಿಕಾಹ್ ಅಲ್ಲ. ಇನ್ನೊಂದು, ಆದೇಶವಾದ ಮೇಲೆ ಎಲ್ಲ ಮುಗಿಯಿತೆಂದು ಮನೆಯಲ್ಲಿ ಕೂತವರೂ ಇದ್ದಾರೆ. ಕೋರ್ಟು ಕೊಟ್ಟ ಅವಧಿಯೊಳಗೆ ಬಿಡುಗಡೆಗೆ ಬೇರೆ ಅರ್ಜಿ ಹಾಕಬೇಕು. ಹಾಕದಿದ್ದರೆ ಆದೇಶವೇ ಬಿದ್ದುಹೋಗಬಹುದು, ಮತ್ತೆ ಮೊದಲಿನ ಫೋನುಗಳು ಶುರುವಾಗುತ್ತವೆ.

ಕಷ್ಟವಾದ ಪ್ರಶ್ನೆ ಕಂಪೆನಿಗಳದ್ದಲ್ಲ, ಕೈಗಡ ಕೊಟ್ಟವರದ್ದು. ಭಾವನ ಪಟ್ಟಿಯಲ್ಲಿ 14ನೇ ಹೆಸರು ನಮ್ಮ ಒಬ್ಬ ಮಾಮಿಯದ್ದು. ಗಂಡ ತೀರಿಕೊಂಡಿದ್ದಾರೆ. ಅಂಗಡಿಗೆಂದು ಕೇಳಿದಾಗ ಎರಡು ಬಳೆ ಬಿಚ್ಚಿ ಕೊಟ್ಟಿದ್ದರು, ಬಡ್ಡಿಯಿಲ್ಲ, ಕಾಗದವಿಲ್ಲ. ಅವರು ಇದುವರೆಗೆ ಒಂದು ಫೋನೂ ಮಾಡಿಲ್ಲ. ಕೆಲವರು ಭಾವನಿಗೆ ಹೇಳಿದರು, ಮಾಮಿಯ ಹೆಸರು ಪಟ್ಟಿಯಲ್ಲಿ ಹಾಕಬೇಡ, ಅವರಿಗೆ ಅವಮಾನವಾಗುತ್ತದೆ ಎಂದು. ನಾನು ಹಾಕಲೇಬೇಕು ಎಂದೆ. ಹಾಕದಿದ್ದರೆ ರಿಸೀವರ್ ಹಂಚುವಾಗ ಬ್ಯಾಂಕಿಗೆ ಪಾಲು ಬರುತ್ತದೆ, ಬಳೆ ಕೊಟ್ಟವರಿಗೆ ಇಲ್ಲ. ಆದರೆ ಕೋರ್ಟಿನ ನೋಟೀಸು ಪೋಸ್ಟಿನಲ್ಲಿ ಅವರ ಕೈ ಸೇರುವ ಮೊದಲು ನೀನೇ ಹೋಗಿ ಹೇಳಿ ಬಾ ಎಂದೂ ಹೇಳಿದೆ. ಹೋದ. ಹೇಳಿದ. ಅವರು ಚಹಾ ಮಾಡಿಕೊಟ್ಟರಂತೆ, ಏನೂ ಮಾತಾಡಲಿಲ್ಲವಂತೆ.

ಕೋರ್ಟು ನಾಳೆ ಅವನನ್ನು ಬಿಡುಗಡೆ ಮಾಡಿದರೆ ಕಾನೂನಿನ ಪ್ರಕಾರ ಆ ಎರಡು ಬಳೆಯ ಬಾಕಿಯೂ ಮುಗಿಯಿತು. ದೀನಿನ ಪ್ರಕಾರ ಮುಗಿಯುವುದಿಲ್ಲ. ಸಮಯ ಕೊಡಬೇಕು, ಹಿಂಸೆ ಮಾಡಬಾರದು ಅಷ್ಟೇ. ಅವನ ಕೈಗೆ ಬಂದ ದಿನ ಕೊಡಬೇಕು, ಅಥವಾ ಮಾಮಿ ಬಿಟ್ಟುಕೊಡಬೇಕು. ಇದನ್ನು ಭಾವನೂ ಒಪ್ಪುತ್ತಾನೆ.

ತಂಗಿ ಈಗ ಮನೆಯಲ್ಲಿ ಹೊಲಿಗೆ ಹಾಕುತ್ತಾಳೆ. ಅವಳ ದುಡಿಮೆಯ ಹಣ ಅವಳದ್ದು, ಗಂಡನ ದಿವಾಳಿಗೆ ಅದು ಸೇರುವುದಿಲ್ಲ. ಮೈಕ್ರೋಫೈನಾನ್ಸಿನ ಸಾಲ ಅವಳದ್ದೇ ಹೆಸರಿನಲ್ಲಿರುವುದರಿಂದ ಅದರ ಕಂತು ಅವಳು ಕಟ್ಟುತ್ತಿದ್ದಾಳೆ, ಸಂಘದ ಉಳಿದ ಹೆಂಗಸರ ಮೇಲೆ ಅದು ಬೀಳಬಾರದೆಂದು. ಅದರ ಮೇಲೆ ತಿಂಗಳಿಗೆ ಐನೂರು ರೂಪಾಯಿ ಒಂದು ಲಕೋಟೆಯಲ್ಲಿ ಹಾಕಿ ಮಾಮಿಯ ಮನೆಗೆ ಕೊಟ್ಟು ಬರುತ್ತಾಳೆ ಎಂದು ಅವಳ ಮಗಳು ನನಗೆ ಹೇಳಿದಳು. ನಾನು ತಂಗಿಯಲ್ಲಿ ಆ ಬಗ್ಗೆ ಕೇಳಿಲ್ಲ. ಮುಂದಿನ ವಾಯಿದೆ ಬರುವ ತಿಂಗಳು, ರಿಸೀವರ್ ನೇಮಕದ ವಿಷಯ ಅಂದು ಬರುತ್ತದೆ.